ಪುಟ ತೆರೆದು ಕೇಳಿ, ಉತ್ತರಕ್ಕೆ ಕಾಯಿರಿ

ಎಳೆಯ ಮಕ್ಕಳ ಸಿಟ್ಟು, ಹೆದರಿಕೆ, ಹೊಟ್ಟೆಕಿಚ್ಚು, ದುಃಖ ಇವುಗಳ ಬಗ್ಗೆ ಮಾತಾಡಲು ಚಿತ್ರಪುಸ್ತಕಗಳನ್ನು ಹೇಗೆ ಬಳಸಬೇಕು ಎಂದು ಕೇಳಿ ಬಂದ ಪತ್ರಗಳಲ್ಲಿ ಕೆಲವನ್ನು ಈ ಸಂಚಿಕೆಗೆ ಆರಿಸಿದ್ದೇವೆ. ಒಂದೇ ಬಗೆಯ ಪ್ರಶ್ನೆಗಳನ್ನು ಒಟ್ಟಿಗೆ ಸೇರಿಸಿ ಉತ್ತರಿಸಿದ್ದೇವೆ.

ಪ್ರಶ್ನೆ: ನನ್ನ ಮಗನಿಗೆ ಮೂರೂವರೆ ವರ್ಷ. ಸಿಟ್ಟು ಬಂದರೆ ಕೈಗೆ ಸಿಕ್ಕಿದ್ದನ್ನೆಲ್ಲ ಎಸೆಯುತ್ತಾನೆ. ಸಿಟ್ಟಿನ ಬಗ್ಗೆ ಇರುವ ಚಿತ್ರಪುಸ್ತಕವೊಂದನ್ನು ತಂದೆ. ಅವನು ರಂಪ ಮಾಡುತ್ತಿದ್ದಾಗ ಅದನ್ನು ತೆಗೆದು, "ನೋಡು, ಈ ಹುಡುಗನೂ ನಿನ್ನ ಹಾಗೇ" ಅಂದೆ. ಪುಸ್ತಕವನ್ನೇ ಎಸೆದ. ಈಗ ಆ ಪುಸ್ತಕ ಕಂಡರೇ ಅವನಿಗೆ ಆಗುವುದಿಲ್ಲ.
— ತಾಯಿಯೊಬ್ಬರು, ಹಾಸನ

ಉತ್ತರ: ರಂಪ ಏರಿದ ಹೊತ್ತಿನಲ್ಲಿ ಯಾವ ಪುಸ್ತಕವೂ ಕೆಲಸಕ್ಕೆ ಬರುವುದಿಲ್ಲ. ಆಗ ಮಗುವಿಗೆ ಚಿತ್ರ ನೋಡುವ, ಮಾತು ಕೇಳುವ ಸಮಾಧಾನ ಇರುವುದಿಲ್ಲ. ಎಸೆದರೆ ಪೆಟ್ಟಾಗುವಂಥ ವಸ್ತುಗಳನ್ನು ದೂರ ಸರಿಸಿ, ಹತ್ತಿರ ಕುಳಿತುಕೊಳ್ಳಿ. "ಸಿಟ್ಟು ಬಂದಿದೆ. ನಾನಿಲ್ಲೇ ಇದ್ದೀನಿ." ಅಷ್ಟು ಮಾತು ಸಾಕು. ಪುಸ್ತಕದ ಸಮಯ ಬೇರೆ: ಹೊಟ್ಟೆ ತುಂಬಿರುವಾಗ, ನಿದ್ದೆಗೆ ಮುಂಚೆ, ಜಗಳ ನಡೆದು ಕೆಲವು ಗಂಟೆಯಾದರೂ ಕಳೆದ ಮೇಲೆ.

ಎರಡನೆಯದು, "ನಿನ್ನ ಹಾಗೇ" ಎಂಬ ಮಾತು. ನೀವು ಪ್ರೀತಿಯಿಂದಲೇ ಅಂದಿರಿ, ಆದರೆ ಅವನ ಕಿವಿಗೆ ಅದು ಬೈಗುಳದಂತೆ ಕೇಳಿಸಿತು. ಚಿತ್ರದಲ್ಲಿರುವ ಹುಡುಗ ಬೇರೆ ಯಾರೋ ಆಗಿರುವುದರಿಂದಲೇ ಮಗು ಅವನ ಸಿಟ್ಟನ್ನು ನಿರ್ಭಯವಾಗಿ ನೋಡಬಲ್ಲದು. ಹೋಲಿಕೆ ಕಟ್ಟುವುದನ್ನು ಮಗುವಿಗೇ ಬಿಡಿ. ಕಟ್ಟದಿದ್ದರೂ ಚಿಂತೆಯಿಲ್ಲ.

ಆ ಪುಸ್ತಕವನ್ನು ಎರಡು ಮೂರು ವಾರ ಕಣ್ಣಿಗೆ ಬೀಳದ ಕಡೆ ಇಡಿ. ಅಲ್ಲಿಯವರೆಗೆ ಸಂತೆ, ಬಸ್ಸು, ನಾಯಿಮರಿ, ಮಳೆ ಹೀಗೆ ಯಾವ ಪಾಠವೂ ಇಲ್ಲದ ಪುಸ್ತಕ ತೆಗೆದುಕೊಳ್ಳಿ. ಅವುಗಳಲ್ಲೂ ಮುಖಗಳಿರುತ್ತವೆ. ಮೊದಲ ಸಲ ಪ್ರಶ್ನೆ ಬೇಡ, ಸುಮ್ಮನೆ ಓದಿ ಮುಗಿಸಿ. ಎರಡನೆಯ ಸಲ ಒಂದು ಪುಟದಲ್ಲಿ ನಿಂತು "ಇಲ್ಲಿ ಏನೇನು ಕಾಣ್ತಿದೆ?" ಎಂದು ಕೇಳಿ. ಮೂರನೆಯ ಸಲ ಒಂದು ಮುಖ ತೋರಿಸಿ, "ಇವಳಿಗೆ ಈಗ ಹೇಗನ್ನಿಸ್ತಿರಬಹುದು?" ಅನ್ನಿ. ಅದಾದ ಮೇಲೆ "ಏನಾಗಿ ಹಾಗನ್ನಿಸಿತು?" ಎಂಬ ಪ್ರಶ್ನೆ. "ಯಾಕೆ?" ಎಂದು ಶುರು ಮಾಡಬೇಡಿ, ಈ ವಯಸ್ಸಿನವರಿಗೆ ಅದು ತಡಕಾಡಿಸುವ ಪ್ರಶ್ನೆ. ಒಂದು ಓದಿಗೆ ಎರಡು ಮೂರು ಪ್ರಶ್ನೆ ಸಾಕು. ಪ್ರತಿ ಪುಟಕ್ಕೂ ಪ್ರಶ್ನೆ ಹಾಕಿದರೆ ಓದು ಹೋಗಿ ಪರೀಕ್ಷೆ ಆಗುತ್ತದೆ.

ಕೇಳಿದ ಮೇಲೆ ಕಾಯುವುದು ಎಲ್ಲಕ್ಕಿಂತ ಕಷ್ಟ. ಮನಸ್ಸಿನಲ್ಲೇ ಐದರವರೆಗೆ ಎಣಿಸಿ. ನಾವು ದೊಡ್ಡವರು ಎರಡನೇ ಸೆಕೆಂಡಿಗೇ ಉತ್ತರವನ್ನೂ ಹೇಳಿಬಿಡುತ್ತೇವೆ. ಅಮೆರಿಕದ ಪಿಟ್ಸ್‌ಬರ್ಗ್ ವಿಶ್ವವಿದ್ಯಾಲಯದ ಸೀಲಿಯಾ ಬ್ರೌನೆಲ್ ಮತ್ತು ಸಂಗಡಿಗರು 2013ರಲ್ಲಿ ಪ್ರಕಟಿಸಿದ ಅಧ್ಯಯನ ಇಲ್ಲಿ ನೆನಪಿಡುವಂಥದ್ದು. ಒಂದೂವರೆಯಿಂದ ಎರಡೂವರೆ ವರ್ಷದೊಳಗಿನ ಮಕ್ಕಳ ಜೊತೆ ತಂದೆತಾಯಂದಿರು ಚಿತ್ರಪುಸ್ತಕ ನೋಡುವುದನ್ನು ಅವರು ಗಮನಿಸಿದರು. ಭಾವನೆಯ ಹೆಸರು ಹೇಳಲು, ಅದರ ಕಾರಣ ಹೇಳಲು ಯಾರ ಮನೆಯಲ್ಲಿ ಮಗುವಿಗೇ ಹೆಚ್ಚು ಅವಕಾಶ ಕೊಡುತ್ತಿದ್ದರೋ, ಆ ಮಕ್ಕಳು ಹಂಚಿಕೊಳ್ಳುವುದರಲ್ಲಿ, ನೆರವಾಗುವುದರಲ್ಲಿ ಮುಂದಿದ್ದರು. ದೊಡ್ಡವರೇ ಎಷ್ಟು ವಿವರಿಸಿದರು ಎಂಬುದಕ್ಕೆ ಅಂಥ ನಂಟು ಕಾಣಲಿಲ್ಲ.

ಉತ್ತರ ತಪ್ಪಾದರೆ? ಅಳುತ್ತಿರುವ ಮುಖ ತೋರಿಸಿದಾಗ "ನಗ್ತಿದಾನೆ" ಎನ್ನಬಹುದು. "ಅಲ್ಲ" ಎನ್ನಬೇಡಿ. "ಹೌದಾ, ನಿಂಗೆ ಎಲ್ಲಿ ಕಾಣಿಸ್ತು?" ಎಂದು ಕೇಳಿ. ಬಹಳಷ್ಟು ಸಲ ಮಗು ಹಲ್ಲಿನ ಮೇಲೆ ಬೆರಳಿಡುತ್ತದೆ. ಜೋರಾಗಿ ಅಳುವಾಗಲೂ ಬಾಯಿ ತೆರೆದು ಹಲ್ಲು ಕಾಣುತ್ತದಲ್ಲ, ಮಗು ನೋಡಿದ್ದು ಸರಿಯೇ. "ಬಾಯಿ ಹಾಗಿದೆ. ಕಣ್ಣು ಹೇಗಿದೆ ನೋಡೋಣ?" ಎಂದು ಬೆರಳನ್ನು ಮೇಲಕ್ಕೆ ಕರೆದೊಯ್ಯಿರಿ. ಮಗು ಒಂದು ಪದ ಹೇಳಿದರೆ ನೀವು ಅದನ್ನು ಒಂದು ವಾಕ್ಯವಾಗಿಸಿ. "ಸಿಟ್ಟು" ಅಂದರೆ, "ಹೂಂ, ಚೆಂಡು ಕಿತ್ಕೊಂಡ್ರು ಅಂತ ಸಿಟ್ಟು ಬಂದಿದೆ."

ಹೀಗೆ ನಡೆಯತೊಡಗಿದ ಮೇಲೆ ಸಿಟ್ಟಿನ ಪುಸ್ತಕವನ್ನು ಉಳಿದ ಪುಸ್ತಕಗಳ ನಡುವೆ ಸುಮ್ಮನೆ ಇಡಿ. ಅವನೇ ತೆಗೆದರೆ ಓದಿ. ಓದಿ ಮುಗಿದ ಕೂಡಲೇ "ಇನ್ನು ಮೇಲೆ ಎಸೀತೀಯಾ?" ಎಂದು ಭಾಷೆ ತೆಗೆದುಕೊಳ್ಳಲು ಹೋಗಬೇಡಿ.

ಪ್ರಶ್ನೆ: ಪುಸ್ತಕ ಮೇಳಕ್ಕೆ ಹೋದರೆ ರಾಶಿ ರಾಶಿ ಇರುತ್ತವೆ. ಎಲ್ಲದರ ಮೇಲೂ 'ಭಾವನೆ', 'ನೀತಿ', 'ಒಳ್ಳೆಯ ಗುಣ' ಎಂದು ಬರೆದಿರುತ್ತಾರೆ. ಯಾವುದು ಒಳ್ಳೆಯದೆಂದು ನಿಂತಲ್ಲೇ ತಿಳಿಯುವುದು ಹೇಗೆ?
— ಪ್ರಾಥಮಿಕ ಶಾಲಾ ಶಿಕ್ಷಕರು, ಧಾರವಾಡ

ಉತ್ತರ: ಅಕ್ಷರಗಳನ್ನು ಅಂಗೈಯಿಂದ ಮುಚ್ಚಿ ಚಿತ್ರಗಳನ್ನಷ್ಟೇ ನೋಡುತ್ತಾ ಪುಟ ತಿರುವಿ. ಪಾತ್ರಕ್ಕೆ ಏನಾಯಿತು, ಹೇಗನ್ನಿಸಿತು ಎಂಬುದು ಅರ್ಧದಷ್ಟಾದರೂ ತಿಳಿದರೆ ಅದು ಚಿತ್ರಪುಸ್ತಕ. ಎಲ್ಲ ಪುಟದಲ್ಲೂ ಒಂದೇ ಗೊಂಬೆಮುಖ, ಭಾವನೆಯೆಲ್ಲ ಅಕ್ಷರದಲ್ಲಿ ಮಾತ್ರ ಇದ್ದರೆ ಕೆಳಗಿಡಿ. ಓದಲು ಬಾರದ ಮಗುವಿಗೆ ಓದಲು ಇರುವುದು ಚಿತ್ರವೊಂದೇ.

ಒಳ್ಳೆಯ ಚಿತ್ರಕಾರರು ಭಾವನೆಯನ್ನು ಮುಖದಲ್ಲಷ್ಟೇ ಇಡುವುದಿಲ್ಲ. ಮಾರಿಸ್ ಸೆಂಡಾಕ್ ಅವರ 1963ರ 'ವೇರ್ ದಿ ವೈಲ್ಡ್ ಥಿಂಗ್ಸ್ ಆರ್' ಸಿಕ್ಕರೆ ಗಮನವಿಟ್ಟು ನೋಡಿ. ತುಂಟಾಟ ಮಾಡಿ ಊಟವಿಲ್ಲದೆ ಕೋಣೆಗೆ ಕಳಿಸಲ್ಪಟ್ಟ ಹುಡುಗನ ಕಥೆ ಅದು. ಮೊದಲ ಚಿತ್ರ ಬಿಳಿ ಪುಟದ ನಡುವೆ ಸಣ್ಣದಾಗಿದೆ. ಹುಡುಗನ ಸಿಟ್ಟಿನ ಲೋಕ ಬೆಳೆದಂತೆ ಚಿತ್ರವೂ ಬೆಳೆಯುತ್ತಾ ಹೋಗಿ, ಬಿಳಿಯ ಅಂಚನ್ನು ನುಂಗಿ, ಕೊನೆಗೆ ಎದುರುಬದುರು ಎರಡೂ ಪುಟ ತುಂಬುತ್ತದೆ. ಅಂಥ ಮೂರು ಜೋಡಿ ಪುಟಗಳಲ್ಲಿ ಒಂದು ಅಕ್ಷರವೂ ಇಲ್ಲ. ಅವನು ಮನೆಯ ಕಡೆ ತಿರುಗಿದ ಮೇಲೆ ಚಿತ್ರ ಮತ್ತೆ ಕುಗ್ಗುತ್ತದೆ. ಕಟ್ಟಕಡೆಯ ಪುಟದಲ್ಲಿ ಚಿತ್ರವೇ ಇಲ್ಲ, ಅವನಿಗಾಗಿ ಇಟ್ಟ ಊಟ ಇನ್ನೂ ಬಿಸಿಯಾಗಿತ್ತು ಎಂಬ ಮಾತಷ್ಟೇ. ಸಿಟ್ಟು ಉಕ್ಕಿ ಇಳಿಯುವುದನ್ನು ಮಗು ಪುಟದ ಅಳತೆಯಲ್ಲೇ ಕಾಣುತ್ತದೆ. ಯಾರೂ ಪಾಠ ಹೇಳಿಲ್ಲ.

ಮುಂದೆ ಕೊನೆಯ ಎರಡು ಪುಟ ನೋಡಿ. ಹದಿನಾಲ್ಕು ಪುಟ ಅತ್ತ ಮಗು ಹದಿನೈದನೆಯದರಲ್ಲಿ ದೊಡ್ಡವರ ಒಂದು ಮಾತಿಗೆ ನಕ್ಕುಬಿಟ್ಟರೆ ಆ ಪುಸ್ತಕದ ಮೇಲೆ ನಂಬಿಕೆ ಇಡಬೇಡಿ. ದುಃಖ ಇಳಿಯಲು ಹೊತ್ತು ಬೇಕು ಎಂಬುದನ್ನು ಕಥೆ ಒಪ್ಪಬೇಕು. ಸಿಟ್ಟು ಮಾಡಿಕೊಂಡವನು ಕೆಟ್ಟವನು, ಅತ್ತವನು ಹೇಡಿ, "ಹುಡುಗರು ಅಳಬಾರದು" ಎನ್ನುವ ಪುಸ್ತಕವನ್ನಂತೂ ಮನೆಗೆ ತರಲೇಬೇಡಿ.

ಪ್ರಾಣಿಗಳ ಪಾತ್ರವೋ, ಮನುಷ್ಯರ ಪಾತ್ರವೋ? ಟೊರಾಂಟೊದಲ್ಲಿ 4ರಿಂದ 6 ವರ್ಷದ ಮಕ್ಕಳಿಗೆ ಹಂಚಿಕೊಳ್ಳುವ ಕಥೆಯೊಂದನ್ನು ಎರಡು ರೀತಿಯಲ್ಲಿ ಓದಿ ಹೇಳಿದರು, ಕೆಲವರಿಗೆ ಮನುಷ್ಯ ಪಾತ್ರಗಳೊಂದಿಗೆ, ಕೆಲವರಿಗೆ ಪ್ರಾಣಿ ಪಾತ್ರಗಳೊಂದಿಗೆ. 2017ರಲ್ಲಿ ಪ್ರಕಟವಾದ ಫಲಿತಾಂಶದಂತೆ, ಮನುಷ್ಯ ಪಾತ್ರಗಳ ಕಥೆ ಕೇಳಿದವರು ತಮ್ಮ ಸ್ಟಿಕರ್‌ಗಳನ್ನು ಮೊದಲಿಗಿಂತ ಹೆಚ್ಚು ಹಂಚಿಕೊಂಡರು. ಪ್ರಾಣಿಗಳ ಕಥೆಗೆ ಆ ಫಲ ಸಿಗಲಿಲ್ಲ. ಆದ್ದರಿಂದ ನಡತೆಗೆ ಸಂಬಂಧಿಸಿದ ವಿಷಯಕ್ಕೆ ಮನುಷ್ಯರ ಪಾತ್ರ ಮೇಲು. ಆದರೆ ಮಗುವಿಗೆ ತೀರಾ ನೋವಿರುವ ವಿಷಯವಾದರೆ, ಕರಡಿಮರಿಯೋ ಮೊಲವೋ ಇದ್ದಾಗ ಮಾತು ಸಲೀಸಾಗುವುದುಂಟು. ಇದು ನಮ್ಮ ಅಭಿಪ್ರಾಯ, ನಿಮ್ಮ ತರಗತಿಯಲ್ಲಿ ಎರಡನ್ನೂ ಪರೀಕ್ಷಿಸಿ ನೋಡಿ.

ವಯಸ್ಸಿನ ವಿಷಯ ಸಾಮಾನ್ಯವಾಗಿ ಹೀಗೆ. ಎರಡು ವರ್ಷದವರಿಗೆ ಪುಟಕ್ಕೊಂದು ಮುಖ, ರಟ್ಟಿನ ಹಾಳೆ. ಮೂರು ನಾಲ್ಕಕ್ಕೆ 'ಇದಾಯಿತು, ಅದಕ್ಕೆ ಹೀಗನ್ನಿಸಿತು' ಎಂಬ ನೇರ ಕಥೆ, ಪುಟಕ್ಕೆ ಒಂದೆರಡು ವಾಕ್ಯ. ಐದು ಆರಕ್ಕೆ, ಒಳಗೆ ಅಳು ಇದ್ದರೂ ಹೊರಗೆ ನಗುವ ಪಾತ್ರ ಅರ್ಥವಾಗತೊಡಗುತ್ತದೆ. ಖುಷಿ ಮತ್ತು ಬೇಸರ ಒಟ್ಟೊಟ್ಟಿಗೆ ಇರಬಹುದು ಎಂಬುದು ಏಳು ಎಂಟಕ್ಕೆ ಮುಂಚೆ ಅಷ್ಟು ಸುಲಭವಾಗಿ ಹಿಡಿಯುವುದಿಲ್ಲ. ಮೂರು ವರ್ಷದವರಿಗೆ ಅಂಥ ಪುಸ್ತಕ ಕೊಟ್ಟು ಅರ್ಥವಾಗಲಿಲ್ಲವೆಂದು ಬೇಸರಪಡಬೇಡಿ.

ಪ್ರಶ್ನೆ: ಒಂದೊಂದು ಭಾವನೆಗೆ ಒಂದೊಂದು ಬಣ್ಣ ಇರುವ ಪುಸ್ತಕ ತಂದಿದ್ದೇವೆ. ಅದರಲ್ಲಿ ಕೆಂಪು ಎಂದರೆ ಸಿಟ್ಟು. ಐದು ವರ್ಷದ ಮಗಳು ಒಪ್ಪುತ್ತಲೇ ಇಲ್ಲ. ಕೆಂಪು ಖುಷಿಯ ಬಣ್ಣವಂತೆ.
— ತಂದೆ, ಮೈಸೂರು

ಉತ್ತರ: ಅವಳದ್ದೇ ಸರಿ ಎಂದು ಒಪ್ಪಿಕೊಳ್ಳಿ. ಈ ಬಗೆಯ ಪುಸ್ತಕಗಳಲ್ಲಿ ಹೆಸರಾದದ್ದು ಸ್ಪೇನಿನ ಅನ್ನಾ ಯೇನಾಸ್ 2012ರಲ್ಲಿ ತಂದ ಬಣ್ಣದ ರಾಕ್ಷಸನ ಪುಸ್ತಕ. ಹಳದಿ ಸಂತೋಷ, ನೀಲಿ ದುಃಖ, ಕೆಂಪು ಸಿಟ್ಟು, ಕಪ್ಪು ಭಯ, ಹಸಿರು ನೆಮ್ಮದಿ ಎಂಬ ಜೋಡಣೆ ಆ ಚಿತ್ರಕಾರ್ತಿಯದು, ಪ್ರಕೃತಿಯ ನಿಯಮವಲ್ಲ. ನಮ್ಮಲ್ಲಿ ಕೆಂಪು ಕುಂಕುಮ, ಬಳೆ, ಹಬ್ಬದ ಲಂಗ. ಪುಸ್ತಕದಿಂದ ತೆಗೆದುಕೊಳ್ಳಬೇಕಾದದ್ದು, ಕಲೆಸಿಹೋದ ಭಾವನೆಗಳನ್ನು ಬೇರೆ ಬೇರೆ ಮಾಡಿ ನೋಡಬಹುದು ಎಂಬ ಉಪಾಯವನ್ನು. ಐದು ಗಾಜಿನ ಭರಣಿಗಳ ಚಿತ್ರ ಬರೆದು ಕೊಟ್ಟು, ಯಾವುದಕ್ಕೆ ಯಾವ ಬಣ್ಣ ಎಂದು ಅವಳೇ ತುಂಬಲಿ. ಕಪ್ಪು ಬಣ್ಣವನ್ನು ಭಯಕ್ಕೋ ಕೆಟ್ಟದ್ದಕ್ಕೋ ಕಟ್ಟುವ ಪುಸ್ತಕ ಓದುವಾಗ ಮಾತ್ರ ಎಚ್ಚರ ಇರಲಿ. ಮೈಬಣ್ಣದ ಮಾತು ಮಕ್ಕಳ ಕಿವಿಗೆ ಮನೆಯಲ್ಲೇ ಬೀಳುತ್ತಿರುತ್ತದೆ. ಇರುಳಿನ ಆಕಾಶ, ಮಳೆಮೋಡ, ಕೋಗಿಲೆ ಇರುವ ಇನ್ನೊಂದು ಪುಸ್ತಕವನ್ನು ಅದರ ಜೊತೆಗಿಡಿ.

ಪ್ರಶ್ನೆ: ನಮ್ಮ ಅಂಗನವಾಡಿಗೆ ಇಪ್ಪತ್ತೆರಡು ಮಕ್ಕಳು ಬರುತ್ತಾರೆ. ಇರುವ ಪುಸ್ತಕ ನಾಲ್ಕೈದು, ಅದೂ ಸಣ್ಣವು. ಒಂದು ಪುಸ್ತಕ ಹಿಡಿದು ಓದಿದರೆ ಹಿಂದೆ ಕುಳಿತವರಿಗೆ ಕಾಣುವುದಿಲ್ಲ, ಗಲಾಟೆ ಶುರುವಾಗುತ್ತದೆ. ಹೊಸದು ಕೊಳ್ಳಲು ದುಡ್ಡಿಲ್ಲ.
— ಅಂಗನವಾಡಿ ಕಾರ್ಯಕರ್ತೆ, ಕೊಪ್ಪಳ ಜಿಲ್ಲೆ

ಉತ್ತರ: ಅಕ್ಕಾ, ಇಪ್ಪತ್ತೆರಡು ಮಕ್ಕಳಿಗೆ ಒಟ್ಟಿಗೆ ಓದಬೇಡಿ. ಮೂರು ಗುಂಪು ಮಾಡಿ, ಗುಂಪಿಗೆ ಏಳೆಂಟು ಮಕ್ಕಳು. ಒಂದು ಗುಂಪು ನಿಮ್ಮ ಹತ್ತಿರ, ಉಳಿದವರು ಸಹಾಯಕಿಯ ಜೊತೆ ಮಣಿ ಪೋಣಿಸುವುದೋ ಚಿತ್ರ ಬರೆಯುವುದೋ ಮಾಡಲಿ. ಒಂದು ಗುಂಪಿಗೆ ಹತ್ತು ನಿಮಿಷ. ಅರ್ಧ ವೃತ್ತವಾಗಿ ಕೂರಿಸಿ, ಬೆಳಕು ನಿಮ್ಮ ಬೆನ್ನ ಹಿಂದಿನಿಂದ ಬಾರದಂತೆ ನೋಡಿಕೊಳ್ಳಿ. ಬಂದರೆ ಮಕ್ಕಳಿಗೆ ಪುಟ ಕಪ್ಪಾಗಿ ಕಾಣುತ್ತದೆ. ಪುಸ್ತಕ ತೊಡೆಯ ಮೇಲೆ ಬೇಡ, ನಿಮ್ಮ ಕೆನ್ನೆಯ ಪಕ್ಕ, ಮಕ್ಕಳ ಕಣ್ಣಿನ ಮಟ್ಟಕ್ಕೆ ಇರಲಿ. ಮಾತುಗಳನ್ನು ಮೊದಲೇ ಓದಿಕೊಂಡಿದ್ದರೆ ನಿಮ್ಮ ಕಣ್ಣು ಪುಟದ ಮೇಲಲ್ಲ, ಮಕ್ಕಳ ಮೇಲಿರುತ್ತದೆ. ಪುಟ ತಿರುವುವ ಮುಂಚೆ ಚಿತ್ರವನ್ನು ಈ ತುದಿಯಿಂದ ಆ ತುದಿಗೆ ನಿಧಾನವಾಗಿ ತೋರಿಸಿ.

ವಾರಕ್ಕೆ ಒಂದೇ ಪುಸ್ತಕ ಸಾಕು. ಸೋಮವಾರ ಚಿತ್ರ ಮಾತ್ರ, ಮಂಗಳವಾರ ಓದು, ಬುಧವಾರ ಮುಖಗಳ ಬಗ್ಗೆ ಮಾತು, ಗುರುವಾರ ಅಭಿನಯ, ಶುಕ್ರವಾರ ಮಕ್ಕಳೇ ಪುಟ ತಿರುವಿ ಕಥೆ ಹೇಳಲಿ. ಅಭಿನಯದ ದಿನ ಯಾವಾಗಲೂ ಸಿಟ್ಟು ಮಾಡುವ ಹುಡುಗನಿಗೇ ಸಿಟ್ಟಿನ ಪಾತ್ರ ಕೊಡಬೇಡಿ, ಸಮಾಧಾನ ಮಾಡುವ ಅಜ್ಜನ ಪಾತ್ರ ಕೊಡಿ.

ಪುಸ್ತಕಕ್ಕೆ ದುಡ್ಡಿಲ್ಲದಿದ್ದರೂ ದಾರಿ ಇದೆ. ಬೆಂಗಳೂರಿನ ಪ್ರಥಮ್ ಬುಕ್ಸ್ ಸಂಸ್ಥೆ 2015ರಲ್ಲಿ ಶುರು ಮಾಡಿದ ಸ್ಟೋರಿವೀವರ್ ಜಾಲತಾಣದಲ್ಲಿ ಕನ್ನಡ ಚಿತ್ರಪುಸ್ತಕಗಳು ಉಚಿತವಾಗಿ ಸಿಗುತ್ತವೆ. ಲೇಖಕರ, ಚಿತ್ರಕಾರರ, ಪ್ರಕಾಶಕರ ಹೆಸರಿರುವ ಪುಟವನ್ನು ಉಳಿಸಿಕೊಂಡು ಇಳಿಸಿಕೊಳ್ಳಲು, ಮುದ್ರಿಸಲು ಅನುಮತಿ ಇದೆ. ಕಥೆಗಳನ್ನು ನಾಲ್ಕು ಹಂತ ಮಾಡಿದ್ದಾರೆ, ನಿಮ್ಮ ಮಕ್ಕಳಿಗೆ ಮೊದಲ ಹಂತದ್ದು ಸರಿ. ಜೆರಾಕ್ಸ್ ಅಂಗಡಿಯಲ್ಲಿ ಕಪ್ಪು ಬಿಳುಪಿನಲ್ಲಿ ತೆಗೆಸುವುದಾದರೆ ಗಾಢ ಬಣ್ಣದ ಹಿನ್ನೆಲೆ ಇರುವ ಪುಸ್ತಕ ಬೇಡ. ಮುಖ ಮಸಿಯಾಗಿ ಹುಬ್ಬು ಬಾಯಿ ಎರಡೂ ಮಾಯವಾಗುತ್ತವೆ. ಗೆರೆಚಿತ್ರದ ಕಥೆ ಆರಿಸಿ, ಎ3 ಹಾಳೆಗೆ ದೊಡ್ಡದು ಮಾಡಿಸಿ, ರಟ್ಟಿಗೆ ಅಂಟಿಸಿ. ಬಣ್ಣ ಮಕ್ಕಳೇ ತುಂಬಲಿ.

ಎಲ್ಲರ ಮುಂದೆ "ನಿಮ್ಮ ಮನೇಲಿ ಯಾರಿಗೆ ಸಿಟ್ಟು ಬರುತ್ತೆ, ಹೊಡೀತಾರಾ?" ಎಂದು ಕೇಳಬೇಡಿ. ಮಗು ತಾನಾಗಿ ಅಂಥದ್ದೇನಾದರೂ ಹೇಳಿದರೆ, "ಹೇಳಿದ್ದು ಒಳ್ಳೇದಾಯ್ತು" ಎಂದಷ್ಟೇ ಅಂದು, ಆಮೇಲೆ ಒಂಟಿಯಾಗಿ ಮಾತಾಡಿಸಿ. ಮಗುವಿಗೆ ಅಪಾಯವಿದೆ ಅನ್ನಿಸಿದರೆ ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿ.

ಪ್ರಶ್ನೆ: ಊಟ ಮಾಡಿಸಲು ನಮ್ಮತ್ತೆ "ಗುಮ್ಮ ಬರ್ತಾನೆ" ಅನ್ನುತ್ತಾರೆ. ನಾಲ್ಕು ವರ್ಷದ ಮಗಳು ಕತ್ತಲಾದರೆ ಬಚ್ಚಲಿಗೂ ಒಬ್ಬಳೇ ಹೋಗುವುದಿಲ್ಲ. ಕತ್ತಲೆಯ ಹೆದರಿಕೆ ಕಳೆಯುವ ಪುಸ್ತಕ ಓದಿದ ಮೇಲೆ ಇನ್ನೂ ಜಾಸ್ತಿ ಹೆದರಿದಳು.
— ಓದುಗರು, ಸಾಗರ

ಉತ್ತರ: ಅಂಥ ಪುಸ್ತಕಗಳು ಭೂತವನ್ನು ಮೊದಲು ದೊಡ್ಡದಾಗಿ ತೋರಿಸಿ, ಆಮೇಲೆ "ಅದು ಬರೀ ನೆರಳು" ಎನ್ನುತ್ತವೆ. ನಾಲ್ಕು ವರ್ಷದವರಿಗೆ ಆ ದೊಡ್ಡ ಚಿತ್ರವೇ ನೆನಪಿನಲ್ಲಿ ಉಳಿಯುತ್ತದೆ. ಹಗಲು ಹೊತ್ತಿನಲ್ಲಿ, ಕೊನೆಯ ಪುಟದಿಂದ ಶುರು ಮಾಡಿ ಓದಿ. ಹೆದರಿಸುವ ಪುಟಕ್ಕೆ ಒಂದು ಕಾಗದದ ಬಾಗಿಲು ಅಂಟಿಸಿ, ತೆಗೆಯುವುದೂ ಮುಚ್ಚುವುದೂ ಅವಳ ಕೈಯಲ್ಲಿರಲಿ. ಸಂಜೆ ಟಾರ್ಚ್ ಕೊಟ್ಟು ಗೋಡೆಯ ಮೇಲೆ ಕೈನೆರಳಿನ ಆಟ ಆಡಿಸಿ. ಅತ್ತೆಯವರಿಗೆ ತಪ್ಪು ತೋರಿಸುವ ಬದಲು ಆ ಪುಸ್ತಕವನ್ನೇ ಕೈಗೆ ಕೊಟ್ಟು, "ಅಮ್ಮಾ, ಊಟದ ಹೊತ್ತಿಗೆ ನೀವೇ ಇದನ್ನ ಹೇಳಿ, ನಿಮ್ಮ ಬಾಯಲ್ಲಿ ಕೇಳೋಕೆ ಅವಳಿಗೆ ಇಷ್ಟ" ಅನ್ನಿ. ಗುಮ್ಮನಿಗೆ ಬದಲು ಅವರ ಕೈಗೆ ಏನಾದರೂ ಬೇಕಲ್ಲ.

ಪ್ರಶ್ನೆ: ಎರಡನೇ ಹೆರಿಗೆಗೆ ಇನ್ನೆರಡು ತಿಂಗಳಿದೆ. ಮೊದಲನೆಯವನಿಗೆ ಮೂರು ತುಂಬಿದೆ. ತಮ್ಮ ತಂಗಿ ಬರುವ ಬಗ್ಗೆ ಇರುವ ಪುಸ್ತಕಗಳಲ್ಲಿ ತೊಟ್ಟಿಲಿಗೆ ಬೇರೆ ಕೋಣೆ, ಅಪ್ಪ ಅಮ್ಮ ಇಬ್ಬರೇ. ನಾನು ಬಾಣಂತನಕ್ಕೆ ತವರಿಗೆ ಹೋಗುವವಳು. ಯಾವ ಪುಸ್ತಕ ಓದಲಿ?
— ಗೃಹಿಣಿ, ಚಿತ್ರದುರ್ಗ

ಉತ್ತರ: ನೀವೇ ಒಂದು ಮಾಡಿ. ಎ4 ಅಳತೆಯ ದಪ್ಪ ಡ್ರಾಯಿಂಗ್ ಹಾಳೆ ಎರಡು, ಹೊದಿಕೆಗೆ ಹಳೇ ಕ್ಯಾಲೆಂಡರಿನ ಹಾಳೆ ಒಂದು. ಮೂರನ್ನೂ ನಡುವೆ ಮಡಚಿ ಒಂದರೊಳಗೊಂದು ಇಟ್ಟರೆ ಒಳಗೆ ಎಂಟು ಪುಟ. ಮಡಿಕೆಯ ಗೆರೆಯ ಮೇಲೆ ಮೂರು ತೂತು ಹಾಕಿ, ಒಂದು ನಡುವೆ, ಉಳಿದೆರಡು ಮೇಲೆ ಕೆಳಗೆ ಅಂಚಿನಿಂದ 4 ಸೆಂಟಿಮೀಟರ್ ಒಳಗೆ. ದಪ್ಪ ದಾರದಿಂದ ಹೊಲಿದು ಗಂಟು ಹೊರಬದಿಗೆ ಬರುವಂತೆ ಹಾಕಿ. ಸ್ಟೇಪ್ಲರ್ ಪಿನ್ ಬೇಡ, ಬಿಚ್ಚಿಕೊಂಡರೆ ಬೆರಳಿಗೆ ಚುಚ್ಚುತ್ತದೆ. ಸ್ಕೆಚ್ ಪೆನ್ನಿನ ಬಣ್ಣ ಹಿಂಬದಿಗೆ ಇಳಿಯುವುದರಿಂದ ಚಿತ್ರವನ್ನು ಬೇರೆ ಕಾಗದದಲ್ಲಿ ಬರೆದು ಅಂಟಿಸಿ. ಗೋಂದು ತೆಳುವಾಗಿರಲಿ, ಜಾಸ್ತಿಯಾದರೆ ಹಾಳೆ ಅಲೆ ಅಲೆಯಾಗಿ ಏಳುತ್ತದೆ. ಅಂಟಿಸಿದ ಮೇಲೆ ಒಂದು ರಾತ್ರಿ ಭಾರದ ಕೆಳಗಿಡಿ.

ಮೊದಲ ಪುಟಕ್ಕೆ ಅವನೇ ಪಾಪು ಆಗಿದ್ದಾಗಿನ ಫೋಟೋ. ಎರಡರಲ್ಲಿ ಅಮ್ಮನ ದೊಡ್ಡ ಹೊಟ್ಟೆ. ಮೂರರಲ್ಲಿ ಅಜ್ಜಿಮನೆಗೆ ಹೋಗುವ ಬಸ್ಸು. ಅವನು ನಿಮ್ಮ ಜೊತೆ ಬರುತ್ತಾನೋ, ಅಪ್ಪನ ಹತ್ತಿರ ಉಳಿಯುತ್ತಾನೋ ಎಂಬುದು ನಿಜದಲ್ಲಿ ಹೇಗೋ ಹಾಗೆಯೇ ಚಿತ್ರದಲ್ಲೂ ಬರಲಿ. ನಾಲ್ಕರಲ್ಲಿ ಆಸ್ಪತ್ರೆ, ಆ ರಾತ್ರಿ ಅವನು ಯಾರ ಪಕ್ಕ ಮಲಗುತ್ತಾನೆ ಎಂಬ ಚಿತ್ರ. ಐದರಲ್ಲಿ ಪಾಪು ಅಳುತ್ತಿದೆ, ಎಲ್ಲರೂ ಪಾಪುವನ್ನೇ ನೋಡುತ್ತಿದ್ದಾರೆ, ಪಕ್ಕದಲ್ಲಿ ಅಣ್ಣ ನಿಂತಿದ್ದಾನೆ. ಅಣ್ಣನ ಮುಖವನ್ನು ಮಾತ್ರ ಖಾಲಿ ಬಿಡಿ. ಅದೇ ಅಳತೆಯ ಮೂರು ನಾಲ್ಕು ಕಾಗದದ ಮುಖಗಳನ್ನು ಕತ್ತರಿಸಿಡಿ, ಅವನಿಗೆ ಬೇಕಾದದ್ದನ್ನು ಅಲ್ಲಿ ಇಡಲಿ. ಮುಖ ಬರೆಯುವಾಗ ಹುಬ್ಬಿನ ಮೇಲೆ ಗಮನವಿರಲಿ. ಮೂಗಿನ ಕಡೆಯ ತುದಿ ಕೆಳಗಿಳಿದರೆ ಸಿಟ್ಟು, ಮೇಲೇರಿದರೆ ದುಃಖ ಅಥವಾ ಹೆದರಿಕೆ, ಎರಡೂ ಹುಬ್ಬು ಕಮಾನಾಗಿ ಮೇಲೆ ಹೋದರೆ ಆಶ್ಚರ್ಯ. ಆರರಲ್ಲಿ ಅಣ್ಣ "ಪಾಪೂನ ವಾಪಸ್ ಕಳಿಸೋಣ" ಅನ್ನುತ್ತಾನೆ, ಅಮ್ಮ ಕೇಳಿಸಿಕೊಳ್ಳುತ್ತಾಳೆ, ಬೈಯುವುದಿಲ್ಲ. ಏಳರಲ್ಲಿ, ಪಾಪು ಮಲಗಿದಾಗ ಅಮ್ಮ ಅಣ್ಣ ಇಬ್ಬರೇ ಏನು ಮಾಡುತ್ತಾರೆ ಎಂಬ ಚಿತ್ರ. ಬಾಣಂತಿಯಾಗಿ ನಿಮ್ಮಿಂದ ಆಗುವಂಥದ್ದನ್ನೇ ಬರೆಯಿರಿ. ಪಾರ್ಕಿಗೆ ಹೋಗುತ್ತೇವೆ ಎಂದು ಬರೆದು ಮೂರು ತಿಂಗಳು ಕೋಣೆ ಬಿಟ್ಟು ಬರದಿದ್ದರೆ ಪುಸ್ತಕವೇ ಸುಳ್ಳಾಗುತ್ತದೆ. ಎಂಟನೆಯದು ಖಾಲಿ, ಅದು ಅವನಿಗೆ.

"ನನಗೆ ನನ್ನ ಪಾಪು ಅಂದರೆ ತುಂಬಾ ಪ್ರೀತಿ" ಎಂಬ ವಾಕ್ಯವನ್ನು ಎಲ್ಲೂ ಬರೆಯಬೇಡಿ. ಬರದ ಪ್ರೀತಿಯನ್ನು ಅವನ ಬಾಯಲ್ಲಿ ಇಟ್ಟರೆ, ಹೊಟ್ಟೆಕಿಚ್ಚನ್ನು ಬಚ್ಚಿಡಬೇಕು ಎಂದು ಅವನಿಗೆ ತಿಳಿಯುತ್ತದೆ, ಮರೆಯಲ್ಲಿ ಪಾಪುವನ್ನು ಚಿವುಟುವುದು ಶುರುವಾಗುತ್ತದೆ. ಹೆರಿಗೆಗೆ ಆರು ವಾರ ಮುಂಚೆ ಓದಲು ತೊಡಗಿ, ಹೆರಿಗೆಯಾದ ಮೇಲೂ ಮುಂದುವರಿಸಿ.

ಪ್ರಶ್ನೆ: ತಾತ ತೀರಿಕೊಂಡು ಒಂದು ತಿಂಗಳಾಯಿತು. ನಾಲ್ಕೂವರೆ ವರ್ಷದ ಮೊಮ್ಮಗಳಿಗೆ "ತಾತ ಊರಿಗೆ ಹೋಗಿದ್ದಾರೆ" ಎಂದಿದ್ದೇವೆ. ದಿನಾ ಬಾಗಿಲಲ್ಲಿ ಕಾಯುತ್ತಾಳೆ. ಪುಸ್ತಕದ ಮೂಲಕ ಹೇಳಬಹುದೇ?
— ಕುಟುಂಬವೊಂದು, ಮಂಡ್ಯ

ಉತ್ತರ: ಹೇಳಬಹುದು, ಆದರೆ ಮೊದಲು ನಿಮ್ಮ ಬಾಯಿಂದ ನಿಜ ಹೇಳಿ. "ತಾತ ಊರಿಗೆ ಹೋಗಿಲ್ಲ. ತಾತ ಸತ್ತುಹೋದರು. ಅವರ ಮೈ ಕೆಲಸ ಮಾಡೋದು ನಿಂತುಹೋಯ್ತು. ಇನ್ನು ವಾಪಸ್ ಬರಲ್ಲ. ನಮಗೂ ತುಂಬಾ ದುಃಖ ಆಗಿದೆ." ಕಠಿಣ ಎನಿಸಬಹುದು, ಆದರೆ ಈ ವಯಸ್ಸಿನ ಮಕ್ಕಳು ಸಾವನ್ನು ತಿರುಗಿ ಬರಬಹುದಾದ ಪ್ರಯಾಣದಂತೆ ಎಣಿಸುತ್ತಾರೆ. ಊರು ಎಂದರೆ ಕಾಯುತ್ತಾರೆ, ಮಲಗಿದ್ದಾರೆ ಎಂದರೆ ಮಲಗಲು ಹೆದರುತ್ತಾರೆ. ದೇವರ ಹತ್ತಿರ ಇದ್ದಾರೆ ಎಂಬುದು ನಿಮ್ಮ ಮನೆಯ ನಂಬಿಕೆಯಾದರೆ, ಮೈ ನಿಂತುಹೋದ ಮಾತಾದ ಮೇಲೆ ಅದನ್ನೂ ಹೇಳಿ.

ಆಮೇಲೆ ಪುಸ್ತಕ. ಸತ್ತ ಹಕ್ಕಿ, ಒಣಗಿದ ಮರ, ಮುದಿ ನಾಯಿ ಇರುವ ಕಥೆಯಾದರೂ ಆದೀತು. 'ನಕ್ಷತ್ರವಾದರು' ಎಂದು ಮುಗಿಸುವ ಪುಸ್ತಕವನ್ನು ಸದ್ಯಕ್ಕೆ ಬದಿಗಿಡಿ, ಕಾಯುವ ಜಾಗ ಬಾಗಿಲಿಂದ ಮಾಳಿಗೆಗೆ ಬದಲಾಗುತ್ತದೆ ಅಷ್ಟೇ. ಓದುವಾಗ ನಿಮಗೇ ಕಣ್ಣು ತುಂಬಿದರೆ ತಡೆಯಬೇಡಿ, "ತಾತನ ನೆನಪಾಯ್ತು, ಅದಕ್ಕೆ ಅಳು ಬಂತು" ಎಂದು ಹೇಳಿ. ಅವಳು ಅರ್ಧಕ್ಕೆ ಎದ್ದು ಆಡಲು ಓಡಬಹುದು, ಸಂಜೆ ಮತ್ತೆ "ತಾತ ಯಾವಾಗ ಬರ್ತಾರೆ?" ಎನ್ನಬಹುದು. ಎರಡೂ ಸಹಜ. ಪ್ರತಿ ಸಲವೂ ಅದೇ ಉತ್ತರ, ಅದೇ ಪದಗಳಲ್ಲಿ ಕೊಡಿ. ಊಟ, ನಿದ್ದೆ ವಾರಗಟ್ಟಲೆ ಕೆಟ್ಟರೆ, ಬಿಟ್ಟುಹೋಗಿದ್ದ ಹಾಸಿಗೆ ಒದ್ದೆ ಮಾಡುವುದು ಮರಳಿ ಬಂದು ನಿಲ್ಲದಿದ್ದರೆ, ಆಟವನ್ನೇ ಬಿಟ್ಟರೆ ಮಕ್ಕಳ ವೈದ್ಯರಿಗೆ ತೋರಿಸಿ. ಟೆಲಿ ಮಾನಸ್ ಎಂಬ ಮಾನಸಿಕ ಆರೋಗ್ಯ ಸಹಾಯವಾಣಿ 14416ರಲ್ಲಿ ಕನ್ನಡದಲ್ಲೇ ಮಾತಾಡಬಹುದು.

ಪ್ರಶ್ನೆ: ಮೊಮ್ಮಗ ಡಲ್ಲಾಸ್‌ನಲ್ಲಿದ್ದಾನೆ, ಐದು ವರ್ಷ. ಕನ್ನಡ ಅರ್ಥವಾಗುತ್ತದೆ, ಉತ್ತರ ಇಂಗ್ಲಿಷಿನಲ್ಲಿ. ವಿಡಿಯೋ ಕರೆಯಲ್ಲಿ ಪುಸ್ತಕ ಓದಿದರೆ ಐದು ನಿಮಿಷಕ್ಕೆ ಎದ್ದು ಹೋಗುತ್ತಾನೆ.
— ಅಜ್ಜಿ, ಶಿವಮೊಗ್ಗ

ಉತ್ತರ: ಒಂದೇ ಪುಸ್ತಕದ ಎರಡು ಪ್ರತಿ ಕೊಳ್ಳಿ, ಒಂದು ನಿಮಗೆ, ಒಂದು ಅವನಿಗೆ. ಚೆನ್ನೈನ ತೂಲಿಕಾ ಪ್ರಕಾಶನದಲ್ಲಿ ಕನ್ನಡ ಇಂಗ್ಲಿಷ್ ಎರಡೂ ಒಂದೇ ಪುಟದಲ್ಲಿರುವ ಚಿತ್ರಪುಸ್ತಕಗಳು ಸಿಗುತ್ತವೆ. ಕ್ಯಾಮೆರಾಕ್ಕೆ ಹಿಡಿದ ಪುಟ ಅಲುಗುತ್ತದೆ, ಹೊಳೆಯುತ್ತದೆ, ಮುಖದ ಸೂಕ್ಷ್ಮ ಕಾಣುವುದಿಲ್ಲ. ಪುಸ್ತಕ ಅವನ ಕೈಯಲ್ಲಿದ್ದು ಪುಟ ತಿರುವುವ ಯಜಮಾನಿಕೆ ಅವನದಾದರೆ ಕೂರುತ್ತಾನೆ. ನೀವು ಕನ್ನಡದಲ್ಲೇ ಕೇಳಿ. ಅವನು "ಸ್ಯಾಡ್" ಅಂದರೆ ತಿದ್ದಬೇಡಿ, "ಹೂಂ ಪುಟ್ಟಾ, ಅವಳಿಗೆ ಬೇಜಾರಾಗಿದೆ" ಎಂದು ಮುಂದುವರಿಸಿ. ಕರೆಯಲ್ಲಿ ಮಾತು ಸ್ವಲ್ಪ ತಡವಾಗಿ ತಲುಪುವುದರಿಂದ ಐದರ ಬದಲು ಎಂಟರವರೆಗೆ ಎಣಿಸಿ. ನಿಮ್ಮ ಬೆಳಿಗ್ಗೆ ಅವನಿಗೆ ಹಿಂದಿನ ದಿನದ ಸಂಜೆ, ಶಾಲೆ ಮುಗಿಸಿ ತಿಂಡಿ ತಿಂದ ಮೇಲಿನ ಹೊತ್ತು ನೋಡಿಕೊಂಡು ಕರೆ ಮಾಡಿ. ಪುಸ್ತಕ ಪೂರ್ತಿ ಮುಗಿಸಲೇಬೇಕೆಂದಿಲ್ಲ, ನಿಲ್ಲಿಸಿದ ಪುಟಕ್ಕೆ ಇಬ್ಬರೂ ಒಂದೊಂದು ಚೀಟಿ ಇಟ್ಟುಕೊಳ್ಳಿ.